ಬಾಲ್ಯದ ಬೇಗೆ ಮತ್ತು ದಾಂಪತ್ಯದ ಪ್ರಸಾದ

ಸತಿಪತಿಗಳು ಕೂಡಿ ನಡೆಸುವ ಬಾಳು ಶಿವಪಥಕ್ಕೆ ಅಡ್ಡಿಯೆಂದು ಶರಣರು ಬಗೆಯಲಿಲ್ಲ. ಮುದನೂರಿನ ಜೇಡರ ದಾಸಿಮಯ್ಯ ಮತ್ತು ದುಗ್ಗಳೆ, ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ, ಮೋಳಿಗೆಯ ಮಾರಯ್ಯ ಮತ್ತು ಮಹಾದೇವಿ ಮೊದಲಾದ ದಂಪತಿಗಳ ಹೆಸರುಗಳು ಇಂದಿಗೂ ಜೊತೆಜೊತೆಯಾಗಿಯೇ ನಮ್ಮ ನಾಲಗೆಯ ಮೇಲೆ ಬರುತ್ತವೆ. ಹೀಗಿದ್ದರೂ ಇಷ್ಟಲಿಂಗವನ್ನು ಧರಿಸಿದವರ ಮನೆಗಳಲ್ಲಿಯೂ ದಾಂಪತ್ಯವು ಎಷ್ಟೋ ವೇಳೆ ಕಹಿಯಾಗುವುದನ್ನು ಕಾಣುತ್ತೇವೆ. ಕಾರಣವನ್ನು ಕೇಳಿದರೆ ಹಿರಿಯರು ಅದು ಅವರವರ ಸ್ವಭಾವವೆಂದು ಹೇಳಿ ಸುಮ್ಮನಾಗುವರು. ಆ ಸ್ವಭಾವವು ಎಲ್ಲಿ, ಯಾವಾಗ, ಯಾರ ಕೈಯಲ್ಲಿ ರೂಪುಗೊಂಡಿತೆಂಬುದನ್ನು ವಿಚಾರಿಸುವವರು ವಿರಳ.

ಒಂದು ಸಂಸಾರವನ್ನು ಕಲ್ಪಿಸಿಕೊಳ್ಳೋಣ. ಗಂಡನು ಎಳೆಯ ವಯಸ್ಸಿನಲ್ಲಿ ತಂದೆಯನ್ನು ಕಳೆದುಕೊಂಡು ಬಂಧುಗಳ ಮನೆಯಲ್ಲಿ ಬೆಳೆದವನು. ಅಲ್ಲಿ ಅವನ ತಟ್ಟೆಗೆ ಬೀಳುತ್ತಿದ್ದ ರೊಟ್ಟಿಗಳನ್ನು ಎಣಿಸುವ ಕಣ್ಣುಗಳಿದ್ದವು. ಈಗ ಅವನಿಗೆ ಹೊಲವಿದೆ, ಮನೆಯಿದೆ, ಕಣಜ ತುಂಬಿದೆ. ಆದರೂ ಹೆಂಡತಿ ಬಂದವರಿಗೆ ಒಂದು ಸೇರು ಜೋಳವನ್ನು ಕೊಟ್ಟರೆ ಅವನ ಎದೆ ಹಾರುತ್ತದೆ. ಹೆಂಡತಿಯಾದರೋ ಮುಂಗೋಪಿ ತಂದೆಯ ಹೆಜ್ಜೆಯ ಸಪ್ಪಳಕ್ಕೆ ಬೆದರುತ್ತ ಬೆಳೆದವಳು. ಗಂಡನು ದಣಿದು ಬಂದು ಮಾತಿಲ್ಲದೆ ಕುಳಿತರೆ ಆ ಮೌನವು ಅವಳಿಗೆ ಹೊಡೆತದ ಮುನ್ಸೂಚನೆಯಾಗಿ ತೋರುತ್ತದೆ. ಅವಳು ಒಳಗೆ ಸರಿದು ಅಡಗುತ್ತಾಳೆ. ಅವಳು ಸರಿದುದನ್ನು ಕಂಡು ಅವನು, ಈ ಮನೆಯಲ್ಲಿಯೂ ತಾನು ಬೇಡದವನೇ ಎಂದು ನೋಯುತ್ತಾನೆ. ಇಬ್ಬರಲ್ಲಿ ಯಾರೂ ಕೆಟ್ಟವರಲ್ಲ. ಇಪ್ಪತ್ತು ವರ್ಷಗಳ ಹಿಂದೆ ಬೇರೆ ಬೇರೆ ಮನೆಗಳಲ್ಲಿ ಹುಟ್ಟಿದ ಎರಡು ಭಯಗಳು ಒಂದೇ ಸೂರಿನ ಕೆಳಗೆ ಮುಖಾಮುಖಿಯಾಗಿವೆ, ಅಷ್ಟೆ.

ಈ ವಿಷಯವನ್ನು ಆಧುನಿಕ ಮನೋವಿಜ್ಞಾನವೂ ಆಳವಾಗಿ ಪರಿಶೀಲಿಸಿದೆ. ಇಂಗ್ಲೆಂಡಿನ ವೈದ್ಯ ಜಾನ್ ಬೌಲ್ಬಿಯವರು ತಾಯಿಯ ಆರೈಕೆಯಿಂದ ವಂಚಿತರಾದ ಮಕ್ಕಳ ಸ್ಥಿತಿಯನ್ನು ಕುರಿತು 1951ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗಾಗಿ ಬರೆದರು. ಶಿಶುವು ತನ್ನನ್ನು ಸಲಹುವವರೊಡನೆ ಬೆಳೆಸಿಕೊಳ್ಳುವ ನಂಟಿನ ರೀತಿಯು ವಯಸ್ಕರ ಪ್ರೇಮಸಂಬಂಧದಲ್ಲಿಯೂ ಕಾಣುತ್ತದೆಂದು ಹೇಜನ್ ಮತ್ತು ಶೇವರ್ ಎಂಬ ವಿದ್ವಾಂಸರು 1987ರಲ್ಲಿ ಪ್ರತಿಪಾದಿಸಿದರು. ಬಾಲ್ಯದ ಹಿಂಸೆ, ತಿರಸ್ಕಾರ, ಮನೆಯೊಳಗಿನ ಕುಡಿತ ಮೊದಲಾದವುಗಳ ಸಂಖ್ಯೆ ಹೆಚ್ಚಿದಷ್ಟೂ ಮುಂದಿನ ದೇಹ ಮನಸ್ಸುಗಳ ರೋಗಗಳೂ ಹೆಚ್ಚುವುದನ್ನು ಅಮೆರಿಕದ ಫೆಲಿಟ್ಟಿ ಮತ್ತು ಆಂಡಾ ಎಂಬ ವೈದ್ಯರು ತಮ್ಮ ಸಂಗಡಿಗರೊಡನೆ 1998ರಲ್ಲಿ ಪ್ರಕಟಿಸಿದ ಅಧ್ಯಯನವು ತೋರಿಸಿತು. ಆದುದರಿಂದ ಎಳವೆಯ ನೋವು ಕಾಲ ಕಳೆದಂತೆ ತಾನೇ ಮಾಯುವುದೆಂದು ನಂಬಿ ಕುಳಿತುಕೊಳ್ಳುವುದು ಸರಿಯಲ್ಲ.

ಇದನ್ನು ತಿಳಿದ ಮಾತ್ರಕ್ಕೆ ಕೆಲವರು ಒಂದು ಕ್ರೂರವಾದ ತೀರ್ಮಾನಕ್ಕೆ ಬರುವರು. ತಬ್ಬಲಿಯ ಮಗನಿಗೆ ಹೆಣ್ಣು ಕೊಡಬಾರದು, ಒಡೆದ ಮನೆಯ ಹೆಣ್ಣನ್ನು ತರಬಾರದು ಎಂಬ ಮಾತು ಸಂಬಂಧ ನೋಡುವ ಹೊತ್ತಿನಲ್ಲಿ ನಮ್ಮ ಹಿರಿಯರ ಬಾಯಿಂದ ಬರುವುದುಂಟು. ಶರಣಧರ್ಮಕ್ಕೆ ಇದಕ್ಕಿಂತ ವಿರುದ್ಧವಾದುದು ಯಾವುದಿದೆ? ದೀಕ್ಷೆಯಿಂದ ಪೂರ್ವಾಶ್ರಯವು ಅಳಿಯುವುದೆಂದು ಸಾರಿದ ಧರ್ಮ ನಮ್ಮದು. ಹುಟ್ಟಿದ ಕುಲವನ್ನು ಕೇಳಬಾರದೆಂದು ಒಪ್ಪಿದವರು, ಹುಟ್ಟಿದ ಮನೆಯ ದುಃಖವನ್ನು ಹುಡುಕಿ ಅದನ್ನೇ ಅಪರಾಧವಾಗಿ ಎಣಿಸಬಹುದೆ? ಹರಿಹರನ ಬಸವರಾಜದೇವರ ರಗಳೆಯ ಪ್ರಕಾರ ಬಸವಣ್ಣನವರೇ ಬಾಲ್ಯದಲ್ಲಿ ತಂದೆತಾಯಿಗಳನ್ನು ಕಳೆದುಕೊಂಡು ಅಜ್ಜಿಯ ಆಸರೆಯಲ್ಲಿ ಬೆಳೆದವರು. ಆ ತಬ್ಬಲಿ ಬಾಲಕನು ಕಲ್ಯಾಣದಲ್ಲಿ ಕಟ್ಟಿದ ಮನೆಯು ಬಂದವರೆಲ್ಲರಿಗೂ ತವರಾಗಿ ಮಹಾಮನೆಯೆನಿಸಿತು.

ವಿಜ್ಞಾನವೂ ಆ ಕ್ರೂರ ತೀರ್ಮಾನವನ್ನು ಸಮರ್ಥಿಸುವುದಿಲ್ಲ. ಹವಾಯಿಯ ಕವಾಯಿ ಎಂಬ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳ ಬಾಳನ್ನು ಎಮ್ಮಿ ವರ್ನರ್ ಎಂಬ ವಿದುಷಿ ತಮ್ಮ ಸಂಗಡಿಗರೊಡನೆ ಹಲವು ದಶಕಗಳ ಕಾಲ ಗಮನಿಸಿದರು. ಬಡತನ, ಮನೆಯ ಕಲಹ, ಹೆತ್ತವರ ರೋಗ ಮುಂತಾದ ಹಲವು ಸಂಕಟಗಳ ನಡುವೆ ಬೆಳೆದ ಮಕ್ಕಳಲ್ಲಿ ಸುಮಾರು ಮೂರರಲ್ಲೊಂದು ಪಾಲಿನವರು ಸಮರ್ಥರೂ ವಾತ್ಸಲ್ಯವುಳ್ಳವರೂ ಆಗಿ ಬೆಳೆದರು. ಅವರಿಗೆ ಎಳವೆಯಲ್ಲಿ ಅಜ್ಜಿಯೋ ನೆರೆಯವರೋ ಗುರುವೋ, ಸ್ಥಿರವಾದ ಪ್ರೀತಿಯನ್ನು ಕೊಟ್ಟ ಒಬ್ಬರಾದರೂ ಇದ್ದರು. ತಾರುಣ್ಯದಲ್ಲಿ ದಾರಿ ತಪ್ಪಿದವರಲ್ಲಿಯೂ ಅನೇಕರು ಮುಂದೆ ಸುಧಾರಿಸಿಕೊಂಡರು. ಅದಕ್ಕೆ ನೆರವಾದವುಗಳಲ್ಲಿ ಸ್ಥಿರಚಿತ್ತರಾದ ಬಾಳಸಂಗಾತಿಯ ಸಹವಾಸವೂ ಶ್ರದ್ಧಾವಂತರ ಸಂಘವೂ ಸೇರಿದ್ದವು. ಬಾಲ್ಯದ ಗಾಯವು ನೋಯುವ ಸ್ಥಳವಾದ ದಾಂಪತ್ಯವೇ ಅದು ಮಾಯುವ ಸ್ಥಳವೂ ಆಗಬಲ್ಲದೆಂಬುದು ಇದರಿಂದ ವಿದಿತವಾಗುತ್ತದೆ.

ಇದಕ್ಕೆ ವಿರುದ್ಧವಾದ ಇನ್ನೊಂದು ತಪ್ಪೂ ಇದೆ. ಕಷ್ಟವುಂಡವರೇ ಸುಗುಣಿಗಳಾಗುವರು, ಹಸಿದು ಬೆಳೆದವಳೇ ಸಂಸಾರವನ್ನು ಚೆನ್ನಾಗಿ ತೂಗಿಸುವಳು ಎಂದು ಕಷ್ಟವನ್ನೇ ಕೊಂಡಾಡುವುದು. ಅದಕ್ಕೆ ಆಯ್ದಕ್ಕಿ ದಂಪತಿಗಳ ನಿದರ್ಶನವನ್ನೂ ಕೊಡುವರು. ಮಾರಯ್ಯನು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮನು ಅದನ್ನು ಮರಳಿ ಸುರಿದು ಬರುವಂತೆ ಹೇಳಿದ ಕಥೆ ಎಲ್ಲರಿಗೂ ಗೊತ್ತು. ಆದರೆ ಅವರ ಬಡತನವು ತಾವಾಗಿ ಒಪ್ಪಿ ಆಚರಿಸಿದ ವ್ರತ. ಮಗುವಿನ ಹಸಿವು ಅಂತಹ ವ್ರತವಲ್ಲ. ಅದನ್ನು ಮಗು ಆರಿಸಿಕೊಂಡಿಲ್ಲ. ನಾಳೆಯ ಭಯವಿಲ್ಲದವಳು ಮಾತ್ರ ಹೆಚ್ಚಿನ ಅಕ್ಕಿಯನ್ನು ಹಿಂದಿರುಗಿಸಬಲ್ಲಳು. ಹಸಿವಿನಿಂದ ಬೆದರಿದವನ ಕೈ ಅದನ್ನು ಬಿಗಿಹಿಡಿಯುವುದೇ ಸಹಜ. ಆದ್ದರಿಂದ ಅವನನ್ನು ಜಿಪುಣನೆಂದು ಜರೆಯುವ ಮೊದಲು ಅವನ ಬಿಗಿಮುಷ್ಟಿಯೊಳಗೆ ಒಬ್ಬ ಹಸಿದ ಬಾಲಕನಿರುವುದನ್ನು ಅರಿಯಬೇಕು.

ಹಾಗಾದರೆ ದಂಪತಿಗಳು ಮಾಡಬೇಕಾದುದೇನು? ನಮ್ಮ ಧರ್ಮದಲ್ಲಿ ಪದಾರ್ಥ ಮತ್ತು ಪ್ರಸಾದವೆಂಬ ವಿವೇಕವಿದೆ. ಲಿಂಗಕ್ಕೆ ಅರ್ಪಿತವಾಗದುದು ಪದಾರ್ಥ, ಅರ್ಪಿತವಾದುದು ಪ್ರಸಾದ. ಬಾಲ್ಯದ ನೋವೂ ಒಂದು ಪದಾರ್ಥವೇ. ಅದನ್ನು ಒಳಗೆ ಮುಚ್ಚಿಟ್ಟರೆ ಹಳಸಿದ ಅನ್ನದಂತೆ ಉಂಡವನನ್ನೂ ಬಡಿಸಿಕೊಂಡವರನ್ನೂ ಕೆಡಿಸುತ್ತದೆ. ಅದನ್ನು ಅರ್ಪಿಸುವುದೆಂದರೆ, ಮೊದಲು ಲಿಂಗದ ಮುಂದೆ ತನಗೆ ತಾನೇ ಒಪ್ಪಿಕೊಳ್ಳುವುದು. ಆಮೇಲೆ ಸಂಗಾತಿಯ ಮುಂದೆ ನಾಚದೆ ಹೇಳುವುದು. ‘ಜೋಳ ಕೊಟ್ಟುದಕ್ಕೆ ನನಗೆ ಸಿಟ್ಟು ಬರಲಿಲ್ಲ, ಹೆದರಿಕೆಯಾಯಿತು’ ಎಂದು ಗಂಡನು ಹೇಳಲಿ. ‘ನೀವು ಸುಮ್ಮನೆ ಕುಳಿತರೆ ನನಗೆ ಅಪ್ಪನ ನೆನಪಾಗುತ್ತದೆ’ ಎಂದು ಹೆಂಡತಿ ಹೇಳಲಿ. ಇಷ್ಟು ಮಾತಿನಿಂದ ಭಯವು ಅಳಿಯದಿರಬಹುದು, ಆದರೆ ಅದು ಯಾರದೆಂದು ಇಬ್ಬರಿಗೂ ತಿಳಿಯುತ್ತದೆ. ಆಗ ಅವನು ತಾನೇ ಒಂದು ಹಿಡಿಯನ್ನು ದಾಸೋಹಕ್ಕೆ ಎತ್ತಿಡಲು ಕಲಿಯಬಲ್ಲನು. ಕೊಟ್ಟ ಮೇಲೆಯೂ ಮರುದಿನ ಒಲೆ ಉರಿದುದನ್ನು ಕಣ್ಣಾರೆ ಕಂಡಾಗ ಅವನೊಳಗಿನ ಬಾಲಕನು ಮೊದಲ ಬಾರಿಗೆ ನೆಮ್ಮದಿಯಿಂದ ಉಣ್ಣುವನು. ನೋವು ಒಳ್ಳೆಯದಾಗಿತ್ತೆಂದು ಇದರ ಅರ್ಥವಲ್ಲ. ಒಳ್ಳೆಯದಲ್ಲದುದನ್ನೂ ಅರ್ಪಿಸಿ ಶುದ್ಧಿಗೊಳಿಸಬಹುದೆಂದು ಅರ್ಥ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯವಾಗಿದೆ. ತಾನು ಪೆಟ್ಟು ತಿಂದು ಬೆಳೆದವನೆಂಬ ಕಾರಣದಿಂದ ಹೆಂಡತಿಯನ್ನು ಹೊಡೆಯುವ ಹಕ್ಕು ಯಾರಿಗೂ ಬರುವುದಿಲ್ಲ. ಬಾಲ್ಯವು ನಡತೆಯ ಮೂಲವನ್ನು ತಿಳಿಸಬಹುದು, ನಡತೆಯ ಹೊಣೆಯನ್ನು ಇಳಿಸಲಾರದು. ಹೊಡೆತವನ್ನು ಸಹಿಸಿಕೊಂಡು ಅವನನ್ನು ತಿದ್ದೆಂದು ಹೆಣ್ಣುಮಕ್ಕಳಿಗೆ ಬುದ್ಧಿ ಹೇಳುವುದು ಸದಾಚಾರವಲ್ಲ. ಅಂತಹವಳಿಗೆ ರಕ್ಷಣೆ ನೀಡಲು 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯಿದೆಯಿದೆ. ಆ ರಕ್ಷಣೆಯನ್ನು ಅವಳು ಪಡೆಯುವಾಗ ಬೆಂಬಲವಾಗಿ ನಿಲ್ಲುವುದು ಬಂಧುಗಳ ಕರ್ತವ್ಯ. ಭೃತ್ಯಾಚಾರವು ಇಬ್ಬರಿಗೂ ಸಮಾನವಾದುದು. ಒಬ್ಬರೇ ಬಾಗಿದರೆ ಅದು ದಾಸ್ಯವಾದೀತು.

ಕೊನೆಯದಾಗಿ, ದಾಂಪತ್ಯದ ಸುಖವನ್ನು ಬಯಸುವವರು ಅದರ ಬೀಜವನ್ನು ಬಾಲ್ಯದಲ್ಲಿಯೇ ಬಿತ್ತಬೇಕು. ಸಿದ್ಧಗಂಗೆಯಂತಹ ಮಠಗಳಲ್ಲಿ ಸಾವಿರಾರು ಬಡಮಕ್ಕಳಿಗೆ ಅನ್ನ, ಆಶ್ರಯ, ಅಕ್ಷರ ದೊರೆತಿವೆ. 2019ರಲ್ಲಿ ಲಿಂಗೈಕ್ಯರಾದ ಶ್ರೀ ಶಿವಕುಮಾರ ಸ್ವಾಮಿಗಳು ತಮ್ಮ ದೀರ್ಘಾಯುಷ್ಯವನ್ನು ಈ ಸೇವೆಗೇ ಸವೆಸಿದರು. ಅಂತಹ ಪಂಕ್ತಿಯಲ್ಲಿ ಯಾರ ರೊಟ್ಟಿಯನ್ನೂ ಎಣಿಸದೆ ಬಡಿಸಿದ ಕೈಯು, ಮುಂದೆಂದೋ ಕಟ್ಟಲಿರುವ ಒಂದು ಮನೆಯ ಶಾಂತಿಯನ್ನೂ ಅಂದೇ ಬಡಿಸಿರುತ್ತದೆ. ನಮ್ಮ ಮನೆಯ ಪಡಸಾಲೆಯಲ್ಲಿ ಅಂಜುತ್ತ ನಿಂತ ನೆಂಟರ ಮಗುವೊಂದಿದ್ದರೆ, ಅದನ್ನು ನಮ್ಮ ಮಕ್ಕಳ ಪಕ್ಕದಲ್ಲಿಯೇ ಕೂರಿಸಿ ಉಣಬಡಿಸುವುದರಿಂದ ಈ ಶಿವಕಾರ್ಯವನ್ನು ನಾವು ಇಂದೇ ಆರಂಭಿಸಬಹುದು.