ಸಂಶೋಧನೆಯ ಋಣ

ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ಆಗಾಗ ಒಂದು ಪುಟ್ಟ ಸುದ್ದಿ ಕಾಣಿಸುತ್ತದೆ. ಅಂಚೆಚೀಟಿಯಷ್ಟು ಅಗಲದ ಒಂದು ಫೋಟೋ, ಪಕ್ಕದಲ್ಲಿ 'ಪಿಎಚ್.ಡಿ. ಪದವಿ' ಎಂಬ ಶೀರ್ಷಿಕೆ, ಕೆಳಗೆ ನಾಲ್ಕು ಸಾಲು. ಇಂತಹವರು ಇಂತಹವರ ಮಾರ್ಗದರ್ಶನದಲ್ಲಿ ಸಲ್ಲಿಸಿದ ಮಹಾಪ್ರಬಂಧಕ್ಕೆ ವಿಶ್ವವಿದ್ಯಾಲಯ ಡಾಕ್ಟರೇಟ್ ನೀಡಿದೆ ಎಂದು. ನಾನು ಈ ಸುದ್ದಿಗಳನ್ನು ಬಿಡದೆ ಓದುತ್ತೇನೆ. ಒಬ್ಬರ ವಿಷಯ ಅರೆವಾಹಕಗಳ ತೆಳುಪದರ, ಇನ್ನೊಬ್ಬರದು ಕಾಂಕ್ರೀಟಿನಲ್ಲಿ ಹಾರುಬೂದಿಯ ಬಳಕೆ, ಮತ್ತೊಬ್ಬರದು ಗರ್ಭಿಣಿಯರ ರಕ್ತಹೀನತೆ, ಮಗದೊಬ್ಬರದು ಪ್ರೌಢಶಾಲೆಯ ಮಕ್ಕಳ ಗಣಿತಭಯ. ಮನುಷ್ಯನ ಕುತೂಹಲ ಎಷ್ಟು ದಿಕ್ಕುಗಳಲ್ಲಿ ಹರಿಯುತ್ತದಲ್ಲ ಎಂದು ಖುಷಿಯಾಗುತ್ತದೆ. ಆದರೆ ಆ ನಾಲ್ಕು ಸಾಲುಗಳಲ್ಲಿ ರಕ್ತ ಕೊಟ್ಟ ಗರ್ಭಿಣಿಯೂ ಇಲ್ಲ, ಪ್ರಶ್ನಾವಳಿ ತುಂಬಿದ ಹುಡುಗನೂ ಇಲ್ಲ. ಅವರ ಹೆಸರು ಅಲ್ಲಿ ಬರಬಾರದು, ನಿಜ. ಗುಟ್ಟಾಗಿರಬೇಕಾದದ್ದೇ. ಆದರೆ ಪದವಿ ಬಂದ ಮೇಲೆ ಅವರಿಗೆ ಏನು ಸಲ್ಲಬೇಕು?

ಕನ್ನಡದ 'ಸಂಶೋಧನೆ'ಯಲ್ಲಿ ಶುದ್ಧಿಯ ಅರ್ಥವಿದೆ. ಕಸವನ್ನು ಬೇರ್ಪಡಿಸಿ ಸಾರವನ್ನು ಉಳಿಸಿಕೊಳ್ಳುವ ಕೆಲಸ. ಉರ್ದುವಿನಲ್ಲಿ ಇದಕ್ಕೆ 'ತಹ್ಕೀಕ್' ಎನ್ನುತ್ತಾರೆ. ಅದರ ಬೇರು 'ಹಕ್' ಎಂಬ ಅರಬೀ ಪದ. ಹಕ್ ಎಂದರೆ ಸತ್ಯ. ಹಕ್ ಎಂದರೆ ಒಬ್ಬರಿಗೆ ನ್ಯಾಯವಾಗಿ ಸಲ್ಲಬೇಕಾದ ಪಾಲು ಕೂಡ. ನಾವು ದಿನವೂ ಬಳಸುವ 'ಹಕ್ಕು' ಬಂದಿರುವುದು ಇಲ್ಲಿಂದಲೇ. ಕನ್ನಡಕ್ಕೆ ಬರುವಾಗ ಅದು ಸತ್ಯದ ಅರ್ಥವನ್ನು ದಾರಿಯಲ್ಲಿ ಕಳಚಿ, ಪಾಲಿನ ಅರ್ಥವನ್ನು ಮಾತ್ರ ಹೊತ್ತು ತಂದಿತು. ನಮ್ಮ ವಿದ್ಯಾಸಂಸ್ಥೆಗಳು ಇದಕ್ಕೆ ತಿರುಗಾಮುರುಗಾ ಮಾಡಿವೆಯೇನೋ: ಸತ್ಯವನ್ನು ಇಟ್ಟುಕೊಂಡು ಪಾಲನ್ನು ಮರೆತಿವೆ.

ಎಲ್ಲ ಸಂಶೋಧನೆಗೂ ಒಂದೇ ಬಗೆಯ ಋಣ ಇರುವುದಿಲ್ಲ. 1928ರಲ್ಲಿ ರಾಮನ್ ಕಲ್ಕತ್ತೆಯಲ್ಲಿ ಬೆಳಕಿನ ಚದುರುವಿಕೆಯನ್ನು ಪರೀಕ್ಷಿಸಿದಾಗ ದ್ರವದ ಅಣುಗಳೇನೂ ಅವರಿಂದ ಮರಳಿ ಕೇಳಲಿಲ್ಲ. ನಕ್ಷತ್ರಕ್ಕೆ, ಅಣುವಿಗೆ, ಗಣಿತದ ಸಂಖ್ಯೆಗೆ ನಮ್ಮ ಮೇಲೆ ಹಕ್ಕಿಲ್ಲ. ಅಲ್ಲಿ ವಿಜ್ಞಾನಿ ಸುಳ್ಳು ಹೇಳದಿದ್ದರೆ ಆಯಿತು. 'ಇದರಿಂದ ಬಡವನಿಗೇನು ಲಾಭ?' ಎಂದು ಪ್ರತಿಯೊಬ್ಬ ಭೌತವಿಜ್ಞಾನಿಯನ್ನೂ ಜಗ್ಗಿ ಕೇಳುವವರ ಗುಂಪಿಗೆ ನಾನು ಸೇರಿದವನಲ್ಲ. ಆದರೆ ಸಂಶೋಧಕ ಪ್ರಯೋಗಾಲಯದ ಬಾಗಿಲು ದಾಟಿ ಒಂದು ಮನೆಯ ಅಂಗಳಕ್ಕೆ ಬಂದ ಕ್ಷಣವೇ ಲೆಕ್ಕ ಬದಲಾಗುತ್ತದೆ.

ಹಾಗೆ ಬಂದವರಲ್ಲಿ ಒಬ್ಬರು ಅಮೂಲ್ಯ ರೆಡ್ಡಿ. ಎಲೆಕ್ಟ್ರೋಕೆಮಿಸ್ಟ್ರಿಯಲ್ಲಿ ಜಗತ್ತಿನಾದ್ಯಂತ ಓದುವ ಪಠ್ಯಪುಸ್ತಕವನ್ನು ಜೊತೆಗೂಡಿ ಬರೆದಿದ್ದ ಈ ವಿಜ್ಞಾನಿ 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 'ಅಸ್ತ್ರ' ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರವನ್ನು ಆರಂಭಿಸಿದರು. ನಮ್ಮ ಅನೇಕ ಅಡುಗೆಮನೆಗಳ ಹೊಗೆ ಕಡಿಮೆ ಮಾಡಿದ ಅಸ್ತ್ರ ಒಲೆ ಅಲ್ಲಿಂದ ಬಂದದ್ದು. ಕುಣಿಗಲ್ ತಾಲೂಕಿನ ಪುರ ಎಂಬ ಹಳ್ಳಿಯಲ್ಲಿ ಅವರು ಊರಿಗೆಲ್ಲ ಒಂದೇ ಗೋಬರ್ ಗ್ಯಾಸ್ ಸ್ಥಾವರ ಕಟ್ಟಿದರು. ಮೊದಲಿನ ಯೋಜನೆ ಅಡುಗೆಗೆ ಅನಿಲ ಕೊಡುವುದು. ಎಂಜಿನಿಯರಿಗೆ ಅದೇ ಸಹಜ ಉತ್ತರವಾಗಿ ಕಂಡಿತ್ತು. ಆದರೆ ಎಲ್ಲ ಒಲೆಗಳಿಗೆ ಸಾಲುವಷ್ಟು ಸಗಣಿ ಇರಲಿಲ್ಲ. ಊರಿನವರಿಗೆ ಅದಕ್ಕಿಂತ ಮೊದಲು ಬೇಕಿದ್ದದ್ದು ಕುಡಿಯುವ ನೀರು. 1987ರಿಂದ ಅದೇ ಅನಿಲದಿಂದ ಎಂಜಿನ್ ಓಡಿಸಿ, ಕೊಳವೆಬಾವಿಯ ನೀರನ್ನು ನಲ್ಲಿಗೆ ಹರಿಸಿ, ಮನೆಗಳಿಗೆ ದೀಪ ಕೊಟ್ಟರು. ಮನೆಯವರು ತಂದ ಸಗಣಿಯನ್ನು ತೂಗಿ ಪಡೆದು, ಅನಿಲ ತೆಗೆದ ನಂತರದ ಬಗ್ಗಡವನ್ನು ಗೊಬ್ಬರವಾಗಿ ಅವರಿಗೇ ಹಿಂದಿರುಗಿಸುತ್ತಿದ್ದರು. ಆ ಸ್ಥಾವರ ವರ್ಷಗಳ ಕಾಲ ನಡೆದು ಮುಂದೆ ನಿಂತುಹೋಯಿತು. ಆದರೂ ಆ ತಕ್ಕಡಿ ನನಗೆ ಬಹಳ ಹಿಡಿಸುತ್ತದೆ. ಎಷ್ಟು ತಂದೆ, ಎಷ್ಟು ಒಯ್ದೆ ಎಂಬುದು ಇಬ್ಬರಿಗೂ ಕಾಣುತ್ತಿತ್ತು.

ವೈದ್ಯಕೀಯದಲ್ಲಿ ಅಂತಹ ತಕ್ಕಡಿ ಇಲ್ಲ. ಅಲ್ಲಿ ಜನ ಕೊಡುವುದು ಮೈಯನ್ನು.

ಶಿವಮೊಗ್ಗ ಜಿಲ್ಲೆಯ ಎರಡು ಊರುಗಳ ಹೆಸರು ವೈದ್ಯಕೀಯ ಗ್ರಂಥಗಳಲ್ಲಿವೆ. ಒಂದು ಸೊರಬ ತಾಲೂಕಿನ ಕ್ಯಾಸನೂರು. 1957ರಲ್ಲಿ ಅಲ್ಲಿನ ಕಾಡಿನಲ್ಲಿ ಮಂಗಗಳೂ ಮುಸಿಯಗಳೂ ಸತ್ತು ಬೀಳತೊಡಗಿದವು. ಸೌದೆಗೆ, ಸೊಪ್ಪಿಗೆ ಕಾಡಿಗೆ ಹೋದವರು ಜ್ವರದಿಂದ ಮಲಗಿದರು. ಮಂಗಗಳು ಸಾಯುತ್ತಿವೆ ಎಂದ ಕೂಡಲೇ ವಿಜ್ಞಾನಿಗಳಿಗೆ ಒಂದು ದೊಡ್ಡ ಭಯ ಹುಟ್ಟಿತು: ಏಷ್ಯಾದಲ್ಲಿ ಎಂದೂ ಕಾಣದ ಹಳದಿ ಜ್ವರ ಭಾರತಕ್ಕೆ ಬಂತೇ? ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು, ಅವರ ಜೊತೆಗೆ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದವರು ಬಂದರು. ಅದು ಹಳದಿ ಜ್ವರವಲ್ಲ, ಉಣುಗುಗಳಿಂದ ಹರಡುವ ಹೊಸ ವೈರಸ್ ಎಂದು ಬೇಗನೆ ಗೊತ್ತಾಯಿತು. ಮುಂದೆ ಲಸಿಕೆ ಬಂತು. ಕಾಡಿಗೆ ಹೋಗುವವರ ಮೈಗೆ ಹಚ್ಚಲು ತೈಲ ಬಂತು. ಆ ಲಸಿಕೆಯ ಶಕ್ತಿ ಸಾಲದೆಂದು 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ಅಷ್ಟರಲ್ಲಿ ಮಂಗನ ಕಾಯಿಲೆ ಕೇರಳ, ಗೋವಾ, ಮಹಾರಾಷ್ಟ್ರಗಳಲ್ಲೂ ಕಾಣಿಸಿಕೊಂಡಿತ್ತು. ಕೊರತೆಗಳೇನೇ ಇರಲಿ, ಕ್ಯಾಸನೂರಿನವರು ಕೊಟ್ಟದ್ದಕ್ಕೆ ಒಂದಿಷ್ಟಾದರೂ ಮರಳಿ ಬಂತು.

ಇನ್ನೊಂದು ಪಕ್ಕದ ಸಾಗರ ತಾಲೂಕಿನ ಹಂದಿಗೋಡು. 1974-75ರ ಸುಮಾರಿಗೆ ಅಲ್ಲಿ ಸೊಂಟ, ಮೊಣಕಾಲುಗಳ ಕೀಲು ಸವೆದು ನಡೆಯಲಾಗದ ಕಾಯಿಲೆ ಬೆಳಕಿಗೆ ಬಂತು. ಕೆಲವರ ಬೆಳವಣಿಗೆಯೇ ಕುಂಠಿತವಾಯಿತು. ನರಳಿದವರು ಹೆಚ್ಚಾಗಿ ಚನ್ನಂಗಿ, ಛಲವಾದಿ ಸಮುದಾಯಗಳ ದಲಿತರು, ಕೂಲಿಯವರು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು ಬಂದರು. ಕೀಟನಾಶಕ ಹೊಡೆದ ಗದ್ದೆಯ ಏಡಿ ತಿಂದದ್ದರಿಂದ ಹೀಗಾಯಿತೇ ಎಂಬ ಶಂಕೆ ಎದ್ದಿತು. ಆಮೇಲೆ ಬೇರೆ ತಂಡಗಳು ಬಂದವು. ಎಕ್ಸ್-ರೇ ತೆಗೆದರು, ತಾತ ಮುತ್ತಾತಂದಿರ ಹೆಸರು ಕೇಳಿ ವಂಶವೃಕ್ಷ ಬರೆದುಕೊಂಡರು. 1990ರ ದಶಕದ ಹೊತ್ತಿಗೆ ಇದು ವಂಶಪಾರಂಪರ್ಯವಾಗಿ ಬರುವ ಮೂಳೆಯ ದೋಷ ಎಂದು ಪ್ರಕಟವಾಯಿತು. ಅಪ್ಪ ಅಮ್ಮಂದಿರಲ್ಲಿ ಒಬ್ಬರಿಗೆ ಇದ್ದರೂ ಸಾಕು, ಹುಟ್ಟುವ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಕಾಯಿಲೆಯನ್ನು ಗುಣಪಡಿಸುವ ಮದ್ದು ಇಲ್ಲ.

ಹಂದಿಗೋಡಿನ ಕಾಯಿಲೆ ಅಂಟುರೋಗವಲ್ಲ. ಅದು ಆ ಮನೆಗಳ ಅಂಗಳ ದಾಟಿ ಯಾರನ್ನೂ ಹೆದರಿಸಲಿಲ್ಲ. ಜಗತ್ತಿಗೆ ತನ್ನ ಬಗ್ಗೆ ಭಯವಾದಾಗ ಒಂದು ವೇಗದಲ್ಲಿ, ಕುತೂಹಲ ಮಾತ್ರವಿದ್ದಾಗ ಇನ್ನೊಂದು ವೇಗದಲ್ಲಿ ವಿಜ್ಞಾನ ನಡೆಯುತ್ತದೆ ಎಂದರೆ ತಪ್ಪಾದೀತೇ?

ಇಲ್ಲಿ ವೈದ್ಯರನ್ನು ದೂರುವುದು ಸುಲಭ, ಆದರೆ ಅದು ನ್ಯಾಯವಲ್ಲ. ಮದ್ದಿಲ್ಲದ ರೋಗಕ್ಕೆ ಮದ್ದು ಎಲ್ಲಿಂದ ತರುವುದು? ವಂಶವಾಹಿಯ ಸತ್ಯವನ್ನು ಹುಡುಕಿದ್ದೇ ದೊಡ್ಡ ಕೆಲಸ. ನಿಜವಾದ ತೊಡಕು ಆ ಸತ್ಯವನ್ನು ಹಿಂದಿರುಗಿಸುವುದರಲ್ಲಿದೆ. ಮದುವೆಗೆ ಬಂದಿರುವ ಮಗಳಿರುವ ಮನೆಗೆ ಹೋಗಿ 'ಅರ್ಧಕ್ಕರ್ಧ' ಎಂಬ ಮಾತನ್ನು ಹೇಗೆ ಹೇಳುವುದು? ಹೇಳದಿದ್ದರೆ, ಆಕೆಯ ಮೈಯಿಂದಲೇ ತೆಗೆದ ಸತ್ಯವನ್ನು ಆಕೆಯಿಂದಲೇ ಮುಚ್ಚಿಟ್ಟಂತೆ. ಹೇಳಿದರೆ ನಾಳೆ ಆ ಮನೆಗೆ ಗಂಡಿನ ಕಡೆಯವರು ಬರದೇ ಹೋಗಬಹುದು. ಊರಿನ ಹೆಸರೇ ಕಾಯಿಲೆಯ ಹೆಸರಾದ ಮೇಲೆ ಹೇಳದೆ ಉಳಿಯುವುದಾದರೂ ಏನು? ರೋಗಗಳಿಗೆ ಊರಿನ ಹೆಸರಿಡಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದು 2015ರಲ್ಲಿ. ಹಂದಿಗೋಡಿಗೆ ಅದು ನಲವತ್ತು ವರ್ಷ ತಡ. ಸತ್ಯವನ್ನು ಹೇಳುವುದಕ್ಕೂ ಕೂತು ವಿವರಿಸುವ ಒಬ್ಬ ಮನುಷ್ಯ ಬೇಕು, ಮತ್ತೆ ಮತ್ತೆ ಬರುವ ವ್ಯವಧಾನ ಬೇಕು. ಯಾವ ಪ್ರಬಂಧದ ಅಧ್ಯಾಯಗಳಲ್ಲೂ ಅದಕ್ಕೆ ಜಾಗವಿಲ್ಲ.

ಮೊದಲು ಕೊಟ್ಟು ಆಮೇಲೆ ಬರೆದವರೂ ಇದ್ದಾರೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರಿಂದ ತುಂಬಿದ್ದ ಬಂಗಾಳದ ಬನಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿತ್ತು. ರಕ್ತನಾಳಕ್ಕೆ ಕೊಡುವ ಸಲೈನ್ ಮುಗಿಯುತ್ತಿತ್ತು. ಡಾ. ದಿಲೀಪ್ ಮಹಾಲನಾಬಿಸ್ ಉಪ್ಪು, ಗ್ಲೂಕೋಸ್, ಅಡುಗೆ ಸೋಡಾ ಬೆರೆಸಿದ ನೀರನ್ನು ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ಶೇ. 30ರ ಆಸುಪಾಸಿನಲ್ಲಿದ್ದ ಸಾವಿನ ಪ್ರಮಾಣ ಶೇ. 4ಕ್ಕಿಂತ ಕೆಳಗಿಳಿಯಿತು. ಹೋಲಿಸಿ ನೋಡಲು ಒಂದು ಗುಂಪಿಗೆ ಕೊಡದೆ ಇಡಬೇಕಿತ್ತಲ್ಲ ಎಂದು ಶಾಸ್ತ್ರ ಬಲ್ಲವರು ಕೇಳಬಹುದು. ಆ ನೆಲದ ಮೇಲೆ ಮಲಗಿದ್ದವರ ನಡುವೆ ನಿಂತು ಯಾರನ್ನು ಆ ಗುಂಪಿಗೆ ಆರಿಸುವುದು?

ಶಿಕ್ಷಣದ ಸಂಶೋಧಕರು ಈ ಇಕ್ಕಟ್ಟಿಗೆ ಒಂದು ಜಾಣ ಉತ್ತರ ಕಂಡುಕೊಂಡರು. 2001ರಲ್ಲಿ ವಡೋದರಾದ ಶಾಲೆಗಳಲ್ಲಿ 'ಬಾಲಸಖಿ' ಎಂಬ ಪ್ರಯೋಗ ನಡೆಯಿತು. ಹಿಂದುಳಿದ ಮಕ್ಕಳಿಗೆ ಸ್ಥಳೀಯ ಯುವತಿಯರು ಪ್ರತ್ಯೇಕವಾಗಿ ಪಾಠ ಹೇಳುತ್ತಿದ್ದರು. ಅರ್ಧದಷ್ಟು ಶಾಲೆಗಳಲ್ಲಿ 3ನೆಯ ತರಗತಿಗೆ ಬಾಲಸಖಿ, ಉಳಿದ ಅರ್ಧದಲ್ಲಿ 4ನೆಯ ತರಗತಿಗೆ. ಮರುವರ್ಷ ಅದಲು ಬದಲು. ಹೋಲಿಕೆಯೂ ಸಿಕ್ಕಿತು, ಯಾವ ಶಾಲೆಯೂ ಬರಿಗೈಯಲ್ಲಿ ಉಳಿಯಲಿಲ್ಲ. ಈ ಪ್ರಯೋಗದಲ್ಲಿದ್ದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಅವರಿಗೆ 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. 2005ರಿಂದ ನಡೆದುಬಂದಿರುವ 'ಅಸರ್' ಸಮೀಕ್ಷೆಯಲ್ಲಿ ಮಗುವಿನ ಮನೆಯಲ್ಲೇ ಅದರ ಕೈಗೆ ಒಂದು ಹಾಳೆ ಕೊಟ್ಟು ಓದಿಸುತ್ತಾರೆ. ಐದನೆಯ ತರಗತಿಯ ಮಗು ಎರಡನೆಯ ತರಗತಿಯ ಪಾಠ ಓದಲಾಗದೆ ತಡವರಿಸಿದರೆ, ಪಕ್ಕದಲ್ಲಿ ಕೂತ ತಾಯಿಗೂ ಅದು ಆಗಲೇ ತಿಳಿಯುತ್ತದೆ. ವರದಿ ದೆಹಲಿಯಲ್ಲಿ ಬಿಡುಗಡೆಯಾಗುವ ತನಕ ಆಕೆ ಕಾಯಬೇಕಿಲ್ಲ. ಆ ತಿಳಿವಳಿಕೆಯಿಂದ ಆಕೆ ಏನು ಮಾಡಿಯಾಳು ಎಂಬುದು ಬೇರೆ ಮಾತು.

ಇವನ್ನೆಲ್ಲ ನಾವು ಅಳೆಯುವ ಮಾನದಂಡ ಮಾತ್ರ ಒಂದೇ. 2010ರಲ್ಲಿ ಯುಜಿಸಿ ಅಧ್ಯಾಪಕರ ಕೆಲಸಕ್ಕೆ ಅಂಕ ಹಾಕುವ ಪದ್ಧತಿ ತಂದಿತು. ಪ್ರಬಂಧಕ್ಕಿಷ್ಟು, ಪುಸ್ತಕಕ್ಕಿಷ್ಟು, ವಿಚಾರಸಂಕಿರಣಕ್ಕಿಷ್ಟು. ನಿಯಮಗಳು ಆಮೇಲೆ ಬದಲಾದವು, ಎಣಿಸುವ ಚಟ ಹೋಗಿಲ್ಲ. ಹಂದಿಗೋಡಿಗೆ ಹತ್ತು ಸಲ ಹೋಗಿ ಬಂದವನಿಗೂ, ಪ್ರಶ್ನಾವಳಿಯನ್ನು ಬಿ.ಎಡ್. ಕಾಲೇಜಿನಲ್ಲಿ ಒಂದೇ ಮಧ್ಯಾಹ್ನ ಹಂಚಿ ತುಂಬಿಸಿಕೊಂಡವನಿಗೂ ಪ್ರಬಂಧದ ಅಂಕ ಅಷ್ಟೇ. ಕಥೆಗಾರರಿಗೂ ಈ ಪ್ರಶ್ನೆ ತಪ್ಪಿದ್ದಲ್ಲ ಬಿಡಿ. ನೆರೆಮನೆಯ ಕಣ್ಣೀರನ್ನು ಕಥೆ ಮಾಡಿ ಪತ್ರಿಕೆಗೆ ಕಳಿಸುವ ನಾವು ಆ ನೆರೆಯವರಿಗೆ ಏನು ಕೊಡುತ್ತೇವೆ? ಆದರೆ ನಾವು ಅವರಿಂದ ಸಹಿ ಮಾಡಿಸಿಕೊಂಡಿರುವುದಿಲ್ಲ. ವೈದ್ಯಕೀಯ ಸಂಶೋಧಕ ಸಹಿ ಮಾಡಿಸಿಕೊಂಡಿರುತ್ತಾನೆ, ಹೆಬ್ಬೆಟ್ಟು ಒತ್ತಿಸಿಕೊಂಡಿರುತ್ತಾನೆ. ಆ ಕಾಗದದಲ್ಲಿ ಕೊಡುವವರು ಏನು ಕೊಡುತ್ತಾರೆಂಬುದು ವಿವರವಾಗಿರುತ್ತದೆ, ಪಡೆಯುವವನು ಯಾವಾಗ ಮರಳಿ ಬರುತ್ತಾನೆಂಬುದು ಅಪರೂಪ.

ಸಂಶೋಧನೆಯ ಲಾಭದಲ್ಲಿ ಸಮುದಾಯಕ್ಕೂ ಪಾಲಿರಬೇಕು ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಗಳು ಹೇಳುತ್ತವೆ. ಪಾಲು ಎಂದರೆ ಹಣವೇ ಆಗಬೇಕಿಲ್ಲ. ನನ್ನ ಬೇಡಿಕೆ ಬಹಳ ಸಣ್ಣದು. ವೈದ್ಯಕೀಯದಲ್ಲಾಗಲಿ, ಎಂಜಿನಿಯರಿಂಗಿನಲ್ಲಾಗಲಿ, ಶಿಕ್ಷಣದಲ್ಲಾಗಲಿ, ಜನರಿಂದ ಏನನ್ನಾದರೂ ಪಡೆದು ಬರೆದ ಪ್ರತಿ ಮಹಾಪ್ರಬಂಧದ ಜೊತೆಗೆ ಎರಡು ಪುಟದ ಕನ್ನಡ ಬರಹವೊಂದನ್ನು ವಿಶ್ವವಿದ್ಯಾಲಯ ಕೇಳಲಿ. ನಿಮ್ಮ ಮೈಯಿಂದ, ಮಾತಿನಿಂದ, ಮಕ್ಕಳಿಂದ ನಮಗೆ ತಿಳಿದದ್ದು ಇದು, ತಿಳಿಯದೆ ಉಳಿದದ್ದು ಇದು ಎಂದು ಅದರಲ್ಲಿರಲಿ. ಮೌಖಿಕ ಪರೀಕ್ಷೆಯ ದಿನ ನಿಗದಿ ಮಾಡುವ ಮೊದಲು ಅಭ್ಯರ್ಥಿ ಅದನ್ನು ಹಿಡಿದು ಆ ಊರಿಗೆ ಹೋಗಲಿ, ಶಾಲೆಯ ಜಗಲಿಯಲ್ಲೋ ಪಂಚಾಯಿತಿ ಕಟ್ಟೆಯಲ್ಲೋ ಕೂತು ಓದಿ ಹೇಳಲಿ, ಅವರು ಕೇಳುವ ಪ್ರಶ್ನೆಗಳನ್ನು ಬರೆದುಕೊಂಡು ಬರಲಿ. ಸಾಗರದ ಬಸ್ಸಿಗೆ ಬೆಳಿಗ್ಗೆ ಹೊರಟರೆ ಒಂದು ದಿನದ ಕೆಲಸ.