ಬೆಲೆಯೂ ಬಾಳೂ

ವಸ್ತುಗಳ ಬೆಲೆಯನ್ನು ಹೇಳುವಾಗ ನಮ್ಮ ಭಾಷೆ ಒಂದು ಸೊಗಸಾದ ಕ್ರಿಯಾಪದವನ್ನು ಬಳಸುತ್ತದೆ. ಈ ಎತ್ತು ಇಷ್ಟು ಸಾವಿರ ರೂಪಾಯಿ 'ಬಾಳುತ್ತದೆ' ಎನ್ನುತ್ತೇವೆ. ಒಳ್ಳೆಯ ಒಡವೆಯನ್ನು 'ಬೆಲೆಬಾಳುವ' ಒಡವೆ ಎನ್ನುತ್ತೇವೆ. ಬಹುಕಾಲ ಸವೆಯದೆ ಉಪಯೋಗಕ್ಕೆ ಒದಗುವ ಪದಾರ್ಥಕ್ಕೆ 'ಬಾಳಿಕೆ' ಉಂಟೆನ್ನುತ್ತೇವೆ. ಬದುಕುವುದು, ಬಳಕೆಗೆ ಬರುವುದು, ಬೆಲೆ ಪಡೆಯುವುದು, ಈ ಮೂರನ್ನೂ ಒಂದೇ ಮಾತಿನಲ್ಲಿ ಅಡಗಿಸಿದ ನಮ್ಮ ಹಿರಿಯರು ಇವು ಮೂರೂ ಜೊತೆಯಾಗಿಯೇ ನಡೆಯುತ್ತವೆಂದು ಎಣಿಸಿದ್ದಿರಬೇಕು. ಅವು ಹಾಗೆ ಜೊತೆಗೂಡಿ ನಡೆಯದ ಒಂದು ಪ್ರಸಂಗ ಈಚೆಗೆ ನಮ್ಮ ಅನುಭವಕ್ಕೆ ಬಂದಿತು. ಅದು ಒಂದು ಹಳೆಯ ಕಾರಿನ ಸಂಗತಿ. ಅಗಳಿಯಲ್ಲಿ ನಿಂತು ಮಡಕಶಿರದ ಬಸ್ಸಿಗಾಗಿ ಕಾಯುವ ಉಪಾಧ್ಯಾಯರಿಗೆ ಕಾರಿನ ಮಾತೇಕೆಂದು ವಾಚಕರು ನಗಬಹುದು. ನಗಲಿ, ಆದರೂ ಕೇಳಲಿ.

ನಾವು ಹುಡುಗರಾಗಿದ್ದ ಕಾಲಕ್ಕೆ, ಎಂದರೆ 1970ರ ದಶಕದಲ್ಲಿ, ನಮ್ಮ ಸೀಮೆಯ ಒಂದು ಹಳ್ಳಿಯಲ್ಲಿ ಒಬ್ಬ ವೈದ್ಯರಿದ್ದರು. ಮುಂಬಯಿಯ ಪ್ರೀಮಿಯರ್ ಕಾರ್ಖಾನೆಯಿಂದ ಬಂದ ಫಿಯಟ್ 1100 ಕಾರೊಂದು ಅವರಲ್ಲಿತ್ತು. ಗೇರಿನ ಕೋಲು ಸ್ಟಿಯರಿಂಗಿನ ಮಗ್ಗುಲಲ್ಲೇ ಇರುವ ಆ ಬಂಡಿಯನ್ನು ಈಗಿನ ಮಕ್ಕಳು ಕಂಡಿರಲಾರರು. ಆಗ ಕಾರು ಬೇಕೆಂದವರು ಮುಂಗಡ ಕಟ್ಟಿ ವರ್ಷಗಟ್ಟಲೆ ಸರದಿಗಾಗಿ ಕಾಯಬೇಕಾಗಿತ್ತು. ಹಾವು ಕಚ್ಚಿದವರು, ಹೆರಿಗೆಯಲ್ಲಿ ಸಿಕ್ಕಿಕೊಂಡ ಬಾಣಂತಿಯರು, ಎಷ್ಟೋ ಮಂದಿ ಆ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿ ಹಿಂದೂಪುರದ ದಾರಿ ಹಿಡಿದರು. ಬದುಕಿ ಬಂದವರೂ ಉಂಟು, ಬಾರದವರೂ ಉಂಟು. ಚಳಿಯ ಬೆಳಗಿನಲ್ಲಿ ಅದು ಹೊರಡದೆ ಹಟಹಿಡಿದರೆ ಶಾಲೆಗೆ ಹೋಗುವ ಹುಡುಗರನ್ನೆಲ್ಲ ಕೂಗಿ ತಳ್ಳಿಸುತ್ತಿದ್ದರು. ಕೂಲಿ, ತಲೆಗೊಂದು ಪೆಪ್ಪರಮಿಂಟು. ವೈದ್ಯರು ತೀರಿಕೊಂಡ ಮೇಲೆ ಕಾರು ದನದ ಕೊಟ್ಟಿಗೆಯ ಪಕ್ಕದ ಹುಣಸೆಯ ಮರದಡಿಯಲ್ಲಿ ಇಪ್ಪತ್ತು ವರ್ಷಕ್ಕೂ ಮಿಗಿಲಾಗಿ ನಿಂತಿತ್ತು. ಬಾಣಂತಿಯರು ಮಲಗಿದ್ದ ಸೀಟಿನಲ್ಲಿ ಕೋಳಿಗಳು ಮೊಟ್ಟೆಯಿಟ್ಟವು.

ಸುಮಾರು ಹದಿನೈದು ವರ್ಷಗಳ ಕೆಳಗೆ ಬೆಂಗಳೂರಿನಿಂದ ಒಬ್ಬ ತರುಣರು ಅದನ್ನು ಹುಡುಕಿಕೊಂಡು ಬಂದರು. ಗುಜರಿಯವನು 6,000 ರೂಪಾಯಿಗೆ ಕೇಳಿದ್ದ ಕಾರಿಗೆ ಅವರು 15,000 ರೂಪಾಯಿ ಎಣಿಸಿಕೊಟ್ಟರು. ವೈದ್ಯರ ಮನೆಯ ಅಜ್ಜಿಗೆ ಸಂತೋಷವೂ ಆಯಿತು, 'ಪಾಪ, ಪಟ್ಟಣದ ಹುಡುಗ, ಮೋಸಹೋದ' ಎಂಬ ಮರುಕವೂ ಆಯಿತು. ಕಾರನ್ನು ಲಾರಿಗೆ ಏರಿಸುವಾಗ ಆ ತಾಯಿ ಅದಕ್ಕೆ ಆರತಿಯೆತ್ತಿ ತೆಂಗಿನಕಾಯಿ ಒಡೆಸಿದರು. ಮನೆಯ ಮಗಳನ್ನು ಕಳುಹಿಸಿಕೊಟ್ಟಂತೆಯೇ ಇತ್ತೆಂದು ಕಂಡವರು ಈಗಲೂ ಹೇಳುತ್ತಾರೆ.

ಈಗ ತರುಣರೆನ್ನಲಾಗದ ಅದೇ ಮಹನೀಯರು ಕಳೆದ ಬೇಸಗೆಯಲ್ಲಿ ಮತ್ತೆ ಈ ಕಡೆ ಬಂದಿದ್ದರು. ಊರಿನ ಹಳೆಯ ಸಂಗತಿಗಳನ್ನು ಬಲ್ಲವರೆಂದು ಯಾರೋ ಹೇಳಿದ್ದರಿಂದ ನಮ್ಮ ಮನೆಗೂ ಬಂದರು. ಕಾರಿನ ತಳವೆಲ್ಲ ತುಕ್ಕು ಹಿಡಿದು ಹೋಗಿತ್ತಂತೆ. ಶಿವಾಜಿನಗರದ ಗುಜರಿ ಅಂಗಡಿಗಳಲ್ಲಿ ಒಂದೊಂದೇ ಬಿಡಿಭಾಗ ಹುಡುಕಿ, ಟಿಂಕರಿಂಗಿನವರ ಮನೆಬಾಗಿಲು ಕಾದು, ನಾಲ್ಕು ವರ್ಷಗಳಲ್ಲಿ ಅದನ್ನು ಮತ್ತೆ ಓಡುವಂತೆ ಮಾಡಿದರಂತೆ. ಮೊದಮೊದಲು ಭಾನುವಾರಗಳಲ್ಲಿ ಮಡದಿ ಮಕ್ಕಳನ್ನು ಕೂಡಿಸಿಕೊಂಡು ನಂದಿಬೆಟ್ಟಕ್ಕೆ ಹೋಗಿಬರುತ್ತಿದ್ದರು. ಈಗ ಹೋಗುವುದಿಲ್ಲ. ಯಾರೋ ಅದಕ್ಕೆ 6,00,000 ರೂಪಾಯಿ ಕೊಡುತ್ತೇನೆಂದು ಕೇಳಿದ ದಿನದಿಂದ, ರಸ್ತೆಯಲ್ಲಿ ಆಟೋ ಒಂದು ಹತ್ತಿರ ಸುಳಿದರೆ ಎದೆ ನಡುಗುತ್ತದೆಯಂತೆ. ಮಾರಲು ಮನಸ್ಸಿಲ್ಲ, ಓಡಿಸಲು ಧೈರ್ಯವಿಲ್ಲ, ಇನ್ನೊಂದನ್ನು ಕೊಳ್ಳೋಣವೆಂದರೆ ಶಕ್ತಿಯಿಲ್ಲ. ಕಾಫಿಯ ಲೋಟವನ್ನು ಕೆಳಗಿರಿಸಿ ಅವರು ನಿಟ್ಟುಸಿರಿಟ್ಟರು: "ಆ ಕಾಲ ಹೋಯಿತು, ಮೇಷ್ಟ್ರೇ. ಹಣವಂತರು ನುಗ್ಗಿಬಿಟ್ಟರು. ಹಳ್ಳಿಯವರು ಕೂಡ ಬೆಲೆ ತಿಳಿದುಕೊಂಡುಬಿಟ್ಟಿದ್ದಾರೆ."

ಕೊನೆಯ ಮಾತು ನಮ್ಮ ಕಿವಿಯಲ್ಲಿ ನಿಂತಿತು. ಅದನ್ನು ತೂಗುವ ಮುನ್ನ ಅವರ ದುಃಖದಲ್ಲಿ ನ್ಯಾಯವಾದ ಭಾಗವೆಷ್ಟೆಂಬುದನ್ನು ಹೇಳಬೇಕು, ಏಕೆಂದರೆ ಅದು ಸ್ವಲ್ಪವಲ್ಲ.

ಹಳೆಯ ಕಾರುಗಳ ಬೆಲೆ ಲೋಕದಲ್ಲಿ ಎಂಥ ಎತ್ತರಕ್ಕೆ ಏರಿದೆಯೆಂಬುದನ್ನು ಕೇಳಿದರೆ ನಮ್ಮಂಥವರಿಗೆ ತಲೆ ತಿರುಗುತ್ತದೆ. ಇಟಲಿಯ ಫೆರಾರಿ ಕಾರ್ಖಾನೆಯವರು 1962ರಿಂದ 1964ರ ತನಕ '250 ಜಿ.ಟಿ.ಒ.' ಎಂಬ ಪಂದ್ಯದ ಕಾರುಗಳನ್ನು ಒಟ್ಟು 36 ಮಾತ್ರ ಮಾಡಿದರು. ಅವುಗಳಲ್ಲೊಂದು 2018ರ ಹರಾಜಿನಲ್ಲಿ 4 ಕೋಟಿ 84 ಲಕ್ಷ ಡಾಲರಿಗೆ ಹೋಯಿತು. ಜರ್ಮನಿಯ ಮರ್ಸಿಡಿಸ್ ಕಂಪೆನಿಯವರು 1955ರಲ್ಲಿ ಮಾಡಿದ ಎರಡೇ ಎರಡು ಬಂಡಿಗಳಲ್ಲಿ ಒಂದನ್ನು 2022ರ ಮೇ ತಿಂಗಳಲ್ಲಿ 13 ಕೋಟಿ 50 ಲಕ್ಷ ಯೂರೋಗಳಿಗೆ ಮಾರಿದರು. ಸಾವಿರ ಕೋಟಿ ರೂಪಾಯಿಗೂ ಮೀರಿದ ಆ ಮೊತ್ತವನ್ನು ವಿದ್ಯಾರ್ಥಿವೇತನದ ನಿಧಿಗೆಂದು ತೆಗೆದಿರಿಸಿದರೆಂಬುದು ಉಪಾಧ್ಯಾಯರಾದ ನಮಗೆ ಸಮಾಧಾನದ ಸಂಗತಿ. ಅದು ಬೇರೆಯ ಮಾತು. ಈ ಬಂಡಿಗಳು ಇನ್ನು ರಸ್ತೆಗೆ ಇಳಿಯುವುದೆಂದು? ಗೆಲ್ಲುವುದಕ್ಕಾಗಿ ಹುಟ್ಟಿದ ಕುದುರೆಯನ್ನು ಗಾಜಿನ ಕೋಣೆಯಲ್ಲಿ ಕಟ್ಟಿದ ಹಾಗಾಯಿತು.

ದೂರದ ಮಾತೇಕೆ? ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1960ರ ದಶಕದ ಮೊದಲಿನಿಂದ 1996ರ ತನಕ ಮಾಡಿದ ಜಾವಾ, ಯೆಜ್ಡಿ ಮೋಟಾರುಸೈಕಲ್ಲುಗಳನ್ನು ನಮ್ಮ ಕಡೆಯ ಹಾಲಿನವರೂ ರೇಷ್ಮೆಗೂಡಿನ ವ್ಯಾಪಾರಿಗಳೂ ಹೇರಿನ ಕತ್ತೆಗಳಂತೆ ದುಡಿಸಿಕೊಂಡರು. ಒದ್ದು ಹೊರಡಿಸುವ ಕೋಲನ್ನೇ ಮುಂದಕ್ಕೆ ಮಡಿಸಿದರೆ ಗೇರಿನ ಕೋಲಾಗುತ್ತಿದ್ದ ಆ ಜಾಣತನವನ್ನು ಹುಡುಗರು ನಿಂತು ನೋಡುತ್ತಿದ್ದರು. ಕಾರ್ಖಾನೆ ಮುಚ್ಚಿದ ಮೇಲೆ ಕಬ್ಬಿಣದ ತೂಕಕ್ಕೆ ಹೋದ ಆ ಬಂಡಿಗಳ ಪೈಕಿ ಉಳಿದವನ್ನು ಇಂದು ಲಕ್ಷದ ಮಾತಾಡಿ ಕೊಳ್ಳುವವರಿದ್ದಾರೆ. ಕಾಯಿದೆಯೂ ಇದೇ ದಾರಿಯನ್ನು ಹಿಡಿದಿದೆ. ಕೇಂದ್ರ ಸರಕಾರವು 2021ರಲ್ಲಿ ಮಾಡಿದ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲರೂಪ ಕೆಡದ ಬಂಡಿಯನ್ನು 'ವಿಂಟೇಜ್' ಎಂದು ಬೇರೆಯಾಗಿ ನೋಂದಾಯಿಸಬಹುದು. ಹೊಸ ನೋಂದಣಿಗೆ 20,000 ರೂಪಾಯಿ. ಹಾಗೆ ಗೌರವ ಪಡೆದ ಬಂಡಿ ಪ್ರದರ್ಶನಕ್ಕೆ, ಹಳೆಯ ಬಂಡಿಗಳ ಮೆರವಣಿಗೆಗೆ, ಪೆಟ್ರೋಲು ತುಂಬಿಸುವುದಕ್ಕೆ, ದುರಸ್ತಿಗೆ, ಇಂಥ ಕೆಲವು ಕಾರಣಗಳಿಗೆ ಮಾತ್ರ ರಸ್ತೆಗೆ ಬರಬಹುದು. ನಿತ್ಯದ ಓಡಾಟಕ್ಕೆ ಸಲ್ಲದು. ಬೆಲೆ ಬಂದಿತು, ಬಾಳು ನಿಂತಿತು.

ಆದಕಾರಣ ನಮ್ಮ ಅತಿಥಿಗಳ ದುಃಖವನ್ನು ಹಣವಿಲ್ಲದವನ ಹೊಟ್ಟೆಕಿಚ್ಚೆಂದು ತಳ್ಳಿಹಾಕುವುದು ಸರಿಯಲ್ಲ. ವಸ್ತುವಿನ ಮರ್ಮ ಬಲ್ಲವನ ಕೈಯಿಂದ ಅದು ತಪ್ಪಿ, ಅದರ ಬೆಲೆಯನ್ನಷ್ಟೇ ಬಲ್ಲವನ ಕೋಣೆ ಸೇರುವುದು ದುಃಖದ ವಿಷಯವೇ ಸರಿ. ಆದರೆ ಬೆಲೆಯೇರಿಕೆಯನ್ನು ಶಪಿಸುವ ಮುನ್ನ ಒಂದನ್ನು ನೆನೆಯಬೇಕು. ಬೆಲೆಯಿಲ್ಲದ ಕಾಲದಲ್ಲಿ ಈ ಬಂಡಿಗಳಿಗೆ ಏನಾಯಿತು? ಮೈಸೂರಿನ ಅರಸರು ರೋಲ್ಸ್ ರಾಯ್ಸ್ ಕಾರುಗಳನ್ನು ಏಳೇಳರಂತೆ ತರಿಸುತ್ತಿದ್ದರೆಂದು ಪ್ರತೀತಿಯಿದೆ. 1971ರಲ್ಲಿ ರಾಜಧನ ರದ್ದಾದ ಕಾಲಕ್ಕೆ ದೇಶದ ನಾನಾ ಅರಮನೆಗಳ ಕಾರುಗಳು ಸಾಕಲಾಗದ ಆನೆಗಳಾದವು. ಸಿಕ್ಕಿದ ಬೆಲೆಗೆ ಮಾರಿಹೋಗಿ ಹಡಗು ಹತ್ತಿ ಹೊರದೇಶ ಸೇರಿದವು ಎಷ್ಟೋ. ಸರಕಾರ ರಫ್ತಿಗೆ ತಡೆ ಹಾಕಿದ್ದು ಇದನ್ನು ಕಂಡೇ. ಇನ್ನು ಸಾಮಾನ್ಯರ ಕಾರುಗಳ ಪಾಡನ್ನು ಕೇಳುವವರಾರು? 2014ರಲ್ಲಿ ತಯಾರಿಕೆ ನಿಂತ ಅಂಬಾಸಡರ್, ನಮ್ಮ ವೈದ್ಯರ ಫಿಯಟ್ಟಿನ ವಂಶದಲ್ಲೇ ಹುಟ್ಟಿ 2023ರ ಅಕ್ಟೋಬರಿನಲ್ಲಿ ಮುಂಬಯಿಯ ಟ್ಯಾಕ್ಸಿನಿಲ್ದಾಣಗಳಿಂದ ಮರೆಯಾದ ಪದ್ಮಿನಿ, ಇವುಗಳ ಬಹುಪಾಲು ಗುಜರಿಯ ಸುತ್ತಿಗೆಗೆ ಸಿಕ್ಕಿದವು. ಆ ಸುತ್ತಿಗೆಯನ್ನು ತಡೆಯುವ ಬಲ ಬೆಲೆಗಿದೆ. ಪ್ರೀತಿಗೂ ಆ ಬಲವಿದೆ, ನಿಜ. ಆದರೆ ಪ್ರೀತಿಸುವವರು ಎಲ್ಲ ಹುಣಸೆಯ ಮರದಡಿಗೂ ಬರಲಾರರಲ್ಲ!

ಹೇಮಾವತಿಗೆ ಮಕ್ಕಳನ್ನು ಕರೆದೊಯ್ದಾಗಲೆಲ್ಲ ನಮಗೆ ಇದೇ ಇಬ್ಬಂದಿ. ನೊಳಂಬರ ರಾಜಧಾನಿಯಾಗಿದ್ದ ಆ ಊರಿನ ಕೆತ್ತನೆಯ ಕಂಬಗಳಲ್ಲಿ ಕೆಲವು ಈಗ ಚೆನ್ನೈನ ಸರಕಾರೀ ವಸ್ತುಸಂಗ್ರಹಾಲಯದಲ್ಲಿವೆ. ಅಲ್ಲಿ ಅವು ಸುರಕ್ಷಿತವಾಗಿವೆ. ನಮ್ಮ ಮಕ್ಕಳು ಅವನ್ನು ಮುಟ್ಟಿ ನೋಡಲಾರರು. ಹೋದದ್ದು ಒಳ್ಳೆಯದಾಯಿತೋ ಕೆಟ್ಟದ್ದಾಯಿತೋ ಎಂದು ಮಕ್ಕಳು ಕೇಳಿದರೆ ನಾವು ಮಾತು ಬದಲಾಯಿಸಿ ದೊಡ್ಡೇಶ್ವರನ ಗುಡಿಯ ಜಾಲಂಧ್ರಗಳನ್ನು ತೋರಿಸುತ್ತೇವೆ.

ಇರಲಿ, 'ಹಳ್ಳಿಯವರೂ ಬೆಲೆ ತಿಳಿದುಕೊಂಡುಬಿಟ್ಟಿದ್ದಾರೆ' ಎಂಬ ಮಾತಿಗೆ ಬರೋಣ. ನಾವು ಅವರನ್ನು ನೇರವಾಗಿಯೇ ಕೇಳಿದೆವು: ತಿಳಿದುಕೊಂಡರೆ ತಪ್ಪೇನು? ಅವರು ಸಜ್ಜನರು, ಕೋಪಿಸಿಕೊಳ್ಳಲಿಲ್ಲ. ತಾವು ಕೊಂಡಾಗ ಅದಕ್ಕೆ ಇಷ್ಟು ಬೆಲೆ ಬಂದೀತೆಂದು ತಮಗೇ ತಿಳಿದಿರಲಿಲ್ಲವೆಂದರು. ಅದನ್ನು ನಾವು ನಂಬುತ್ತೇವೆ. ಲಾಭಕ್ಕಾಗಿ ಕೊಂಡವನು ನಾಲ್ಕು ವರ್ಷ ತುಕ್ಕು ಕೆರೆಯುತ್ತ ಕೂಡುವುದಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಅವರು ಮತ್ತೆ ಹೇಳಿದರು: "ಪ್ರೀತಿಗೆ ಒಂದಿಷ್ಟು ರಿಯಾಯಿತಿ ಬೇಡವೇ, ಮೇಷ್ಟ್ರೇ?"

ಪ್ರಶ್ನೆ ಲಘುವಾದುದಲ್ಲ. ಹಣವಂತನಿಗೂ ಪ್ರೇಮಿಗೂ ಒಂದೇ ಬೆಲೆಯಾದರೆ ಲೋಕದ ಚೆಲುವಾದ ವಸ್ತುಗಳೆಲ್ಲ ಹಣವಂತನ ಪಾಲೇ. ಪ್ರೀತಿಗೆ ರಿಯಾಯಿತಿ ಕೊಡುವ ಧರ್ಮ ನಮ್ಮಲ್ಲಿ ಇಲ್ಲದಿಲ್ಲ. ಸಂತೆಯಲ್ಲಿ ಎತ್ತು ಮಾರುವ ರೈತನನ್ನು ನೋಡಿರಿ. ಕಟುಕನು ಎರಡು ಸಾವಿರ ಹೆಚ್ಚಿಗೆ ಕೊಡುತ್ತೇನೆಂದರೂ ಹಗ್ಗವನ್ನು ಕೊಡದೆ, ಮೇವು ನೀರು ಕಂಡು ದುಡಿಸಿಕೊಳ್ಳುವ ಮನೆಗೆ ಕಡಮೆಗೇ ಹೊಡೆದುಕೊಡುವವರನ್ನು ನಾವು ಕಣ್ಣಾರೆ ಕಂಡಿದ್ದೇವೆ. ಆದರೆ ಅಲ್ಲಿ ಎತ್ತು ಎಷ್ಟು ಬಾಳುತ್ತದೆಂಬುದು ರೈತನಿಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೇ ಅವನು ಬಿಡುತ್ತಾನೆ. ಬಿಟ್ಟದ್ದೆಷ್ಟೆಂದು ಮನೆಗೆ ಹೋಗಿ ಹೆಂಡತಿಗೆ ಹೇಳಿಯೂ ಹೇಳುತ್ತಾನೆ. ಇದೇ ರೈತನು ಹುಣಸೆಯ ಹಣ್ಣನ್ನು ಹಿಂದೂಪುರದ ಮಂಡಿಗೆ ಒಯ್ದಾಗ ನಡೆಯುವುದೇ ಬೇರೆ. ಸುಗ್ಗಿಯಲ್ಲಿ ಅವನು ಕೊಟ್ಟ ಹಣ್ಣು ಶೀತಲಗೃಹದಲ್ಲಿ ಕೆಲವು ತಿಂಗಳು ಮಲಗಿ ಎದ್ದು ಬೇರೆಯ ಬೆಲೆಗೆ ಹೋದರೆ, ನಡುವಿನ ಅಂತರವನ್ನು ಅವನು ಕೊಟ್ಟ ರಿಯಾಯಿತಿಯೆಂದು ಯಾರಾದರೂ ಕರೆದಾರೆಯೇ?

ನಮ್ಮ ಅತಿಥಿಗಳನ್ನು ಮಂಡಿಯ ವರ್ತಕರಿಗೆ ಹೋಲಿಸುವುದು ನಮ್ಮ ಉದ್ದೇಶವಲ್ಲ. ಅವರು ಗುಜರಿಯವನ ಎರಡೂವರೆಯಷ್ಟು ಕೊಟ್ಟರು. ಸಾಯುತ್ತಿದ್ದ ಬಂಡಿಗೆ ಜೀವ ಬರಿಸಿದರು. ನಾವು ಊರಿನವರೋ, ಬಾಣಂತಿಯರನ್ನು ಹೊತ್ತ ಬಂಡಿಯಲ್ಲಿ ಕೋಳಿ ಕೂಡಿಸಿದವರು. ಆದರೂ ರಿಯಾಯಿತಿಯೆಂಬುದು ಕೊಡುವವನು ಬಿಟ್ಟುಕೊಡುವಂಥದು. ಬಿಟ್ಟುಕೊಡಬೇಕಾದರೆ ಎಷ್ಟನ್ನು ಬಿಡುತ್ತಿದ್ದೇನೆಂದು ಅವನಿಗೆ ತಿಳಿದಿರಬೇಕು. ತಿಳಿಯದವನಿಂದ ಕಡಮೆಗೆ ಪಡೆದದ್ದು, ಎಷ್ಟೇ ಪ್ರೀತಿಯಿಂದ ಪಡೆದಿರಲಿ, ಕೊಟ್ಟದ್ದಾಗುವುದಿಲ್ಲ, ಸಿಕ್ಕಿದ್ದಾಗುತ್ತದೆ. ಆರತಿಯೆತ್ತಿದ ಆ ಅಜ್ಜಿ ಆರು ಲಕ್ಷದ ಮಾತು ಕೇಳಿದ್ದರೂ, ಯಜಮಾನರ ಕಾರು ಮತ್ತೆ ಓಡುತ್ತದೆಂದರೆ 15,000ಕ್ಕೇ ಕೊಟ್ಟುಬಿಡುತ್ತಿದ್ದರೋ ಏನೋ. ಹಾಗೆ ಕೊಟ್ಟ ಹಿರಿಮೆ ಅವರಿಗೆ ದೊರೆಯಲಿಲ್ಲ. ಹಳ್ಳಿಯವರು ಈಗ ಬೆಲೆ ತಿಳಿದಿದ್ದಾರೆಂದರೆ, ಅಭಿಮಾನಿಗಳಿಗೆ ರಿಯಾಯಿತಿ ಕೊಡಬಲ್ಲ ಯೋಗ್ಯತೆ ಅವರಿಗೆ ಈಗ ಮೊದಲ ಬಾರಿಗೆ ಬಂದಿದೆಯೆಂದೇ ಅರ್ಥ. ಕೊಡುತ್ತಾರೋ ಬಿಡುತ್ತಾರೋ, ಅದು ಅವರ ಧರ್ಮಕ್ಕೆ ಬಿಟ್ಟದ್ದು.

ಇದನ್ನೆಲ್ಲ ನಾವು ಗಂಭೀರವಾಗಿಯೇ ಹೇಳಿದೆವು. ಅವರೂ ಗಂಭೀರವಾಗಿಯೇ ಕೇಳಿದರು. ಹೊರಡುವಾಗ, ತಾವು ಬಂದ ಕೆಲಸ ಈಗ ನೆನಪಾಯಿತೆಂಬಂತೆ, ಬಾಗಿಲಲ್ಲಿ ನಿಂತು ಕೇಳಿದರು: ಕಾರಿನ ಮುಂಭಾಗದಲ್ಲಿದ್ದ ಲೋಹದ ಲಾಂಛನ ತಾವು ಕೊಂಡಾಗಲೇ ಕಳೆದುಹೋಗಿತ್ತು, ನಕಲಿಯನ್ನು ಹಾಕಿಸಿದ್ದೇನೆ, ಮನಸ್ಸು ಒಪ್ಪದು, ಅದು ಊರಿನಲ್ಲಿ ಯಾರ ಮನೆಯಲ್ಲಾದರೂ ಇದ್ದೀತೇ?

ಇದೆ. ಬೆಳಗ್ಗೆ ಕಾರು ತಳ್ಳಿ ಪೆಪ್ಪರಮಿಂಟು ತಿಂದ ಹುಡುಗರಲ್ಲಿ ಒಬ್ಬನು, ಸಂಜೆ ಯಾರೂ ಇಲ್ಲದ ಹೊತ್ತಿನಲ್ಲಿ, ಅದನ್ನು ಮೊಳೆಯಿಂದ ಮೀಟಿ ಕಿತ್ತುಕೊಂಡಿದ್ದ. ಅಂದಿನಿಂದ ಅದು ಅವನ ಲೇಖನಿ ಸೀಮೆಸುಣ್ಣಗಳ ಜೊತೆ ಊರೂರು ತಿರುಗಿ, ಕಡೆಗೆ ನಾವು ಇದನ್ನು ಬರೆಯುತ್ತಿರುವ ಮೇಜಿನ ಖಾನೆಯಲ್ಲಿ ನೆಲಸಿದೆ. ಒಳಗೆ ಹೋಗಿ ತಂದುಕೊಡಲು ಎಂಟು ಹೆಜ್ಜೆ ಸಾಕಿತ್ತು. ಆ ಎಂಟು ಹೆಜ್ಜೆ ಇಡುವ ಬದಲು, "ಅಂಥದಕ್ಕೆ ಈಗ ಎಷ್ಟು ಬೆಲೆಯಿದೆ?" ಎಂಬ ಮಾತು ನಮ್ಮ ಬಾಯಿಂದ ಹೊರಟುಬಿಟ್ಟಿತು.

ಅವರು ಮುಚ್ಚುಮರೆಯಿಲ್ಲದೆ ಬೆಲೆ ಹೇಳಿದರು. ವಿಚಾರಿಸಿ ತಿಳಿಸುತ್ತೇವೆಂದು ಹೇಳಿ ಬಾಗಿಲು ಹಾಕಿಕೊಂಡೆವು.