ಒಂದೇ ಮದ್ದು, ಎರಡು ಹೆಸರು

ಅಮರಕೋಶವನ್ನು ಬಾಯಿಪಾಠ ಮಾಡುವ ಬಾಲಕನಿಗೆ, ಒಂದೇ ವಸ್ತುವಿಗೆ ಹಲವು ಹೆಸರುಗಳುಂಟೆಂಬುದು ಮೊದಲು ಮನವರಿಕೆಯಾಗುತ್ತದೆ. ಜಲವೆಂದರೂ ಸಲಿಲವೆಂದರೂ ನೀಗುವ ಬಾಯಾರಿಕೆ ಒಂದೇ. ಆದರೆ ಸಲಿಲಕ್ಕೆ ಹೆಚ್ಚು ಬೆಲೆಯನ್ನೂ ಜಲಕ್ಕೆ ಕಡಮೆ ಬೆಲೆಯನ್ನೂ ಕೇಳಿದರೆ ವಿವೇಕಿಯು ಏನು ಮಾಡತಕ್ಕದ್ದು? ಅಮೆರಿಕದ ಸ್ತ್ರೀಯರ ಮುಂದೆ ಈ ಪ್ರಶ್ನೆಯು ಕಣ್ಣೆವೆಯ ಕೂದಲಿನ ನೆವದಿಂದ ಬಂದು ನಿಂತಿತು.

ಬಿಮಾಟೊಪ್ರೋಸ್ಟ್ ಎಂಬ ಔಷಧವು ಅಲ್ಲಿ 2001ನೆಯ ಇಸವಿಯಲ್ಲಿ ಲುಮಿಗನ್ ಎಂಬ ಹೆಸರಿನಿಂದ ಗ್ಲಾಕೋಮಾ ರೋಗಕ್ಕಾಗಿ ಬಳಕೆಗೆ ಬಂದಿತು. ಕಣ್ಣಿನೊಳಗಿನ ಒತ್ತಡವನ್ನು ತಗ್ಗಿಸಿ ದೃಷ್ಟಿಯನ್ನು ಕಾಯುವುದು ಅದರ ಕೆಲಸ. ಅದನ್ನು ಹಾಕಿಕೊಂಡವರ ಎವೆಗೂದಲು ನೀಳವಾಗಿ, ದಟ್ಟವಾಗಿ ಬೆಳೆಯುವುದು ಕಂಡುಬಂದಿತು. ಆನುಷಂಗಿಕವಾಗಿದ್ದ ಈ ಫಲವನ್ನೇ ಮುಖ್ಯಫಲವನ್ನಾಗಿ ಮಾಡಿ, ಅಲರ್ಗನ್ ಕಂಪೆನಿಯವರು ಅದೇ ಶೇಕಡ 0.03ರ ದ್ರವವನ್ನು ಲಟೀಸ್ ಎಂದು ಕರೆದರು. 2008ರ ಡಿಸೆಂಬರಿನಲ್ಲಿ ಅದಕ್ಕೆ ಸರ್ಕಾರದ ಒಪ್ಪಿಗೆಯೂ ದೊರೆಯಿತು.

ಹಾಗಾದರೆ ಎರಡರಲ್ಲಿ ಅಗ್ಗವಾದುದನ್ನು ಕೊಂಡರೆ ತಪ್ಪೇನು? ವಸ್ತುವಿನ ಮಟ್ಟಿಗೆ ಏನೂ ಇಲ್ಲ. ಬರಿಯ ಹೆಸರಿಗೆ ಹಣ ತೆರುವುದು ಅಲಂಕಾರದ ಮೇಲೊಂದು ಅಲಂಕಾರವಷ್ಟೆ. ಆದರೆ ಮದ್ದು ಒಂದೇ ಆದ ಮಾತ್ರಕ್ಕೆ ಕ್ರಿಯೆಯೂ ಒಂದೇ ಆಗದು. ರೋಗಿಯು ಅದನ್ನು ಕಣ್ಣಿನೊಳಕ್ಕೆ ಬಿಟ್ಟುಕೊಳ್ಳುತ್ತಾನೆ. ಎವೆಗಾದರೋ ರಾತ್ರಿಗೊಮ್ಮೆ ಮೇಲುರೆಪ್ಪೆಯ ಅಂಚಿಗೆ ಮಾತ್ರ ಸವರಬೇಕು. ಲಟೀಸಿನ ಸೀಸೆಯೊಡನೆ, ಕಣ್ಣಿಗೊಂದರಂತೆ ಬಳಸಿ ಬಿಸುಡತಕ್ಕ ಶುದ್ಧವಾದ ಸಣ್ಣ ಕುಂಚಗಳು ಬರುತ್ತವೆ. ಗ್ಲಾಕೋಮಾದ ಸೀಸೆಯೊಡನೆ ಬಾರವು. ಹಳೆಯ ಕುಂಚವನ್ನೇ ದಿನವೂ ಒರೆಸಿ ಒರೆಸಿ ಬಳಸಿ ಕಣ್ಣಿಗೆ ಸೋಂಕು ತಂದುಕೊಂಡವಳಿಗೆ ಉಳಿದ ಹಣ ಎಷ್ಟರದು? ಇದಲ್ಲದೆ 2010ರಲ್ಲಿ ಶೇಕಡ 0.01ರ ಲುಮಿಗನ್ ಕೂಡ ಬಂದಿತು. ಆಗ ಹೆಸರು ಒಂದೇ, ವಸ್ತುವಿನ ಪ್ರಮಾಣ ಬೇರೆ! ಅಮರಕೋಶದ ಬಾಲಕನು ನಾನಾರ್ಥವರ್ಗಕ್ಕೆ ಬಂದ ಹಾಗಾಯಿತು.

ಇನ್ನೂ ಸೂಕ್ಷ್ಮವಾದ ಸಂಗತಿಯೊಂದಿದೆ. ಸೌಂದರ್ಯದ ಮದ್ದಿಗೆ ಅಲ್ಲಿನ ವಿಮಾ ಕಂಪೆನಿಗಳು ಸಾಮಾನ್ಯವಾಗಿ ಹಣ ಕೊಡುವುದಿಲ್ಲ, ರೋಗದ ಮದ್ದಿಗೆ ಕೊಡುತ್ತವೆ. ಇಲ್ಲದ ಗ್ಲಾಕೋಮಾವನ್ನು ಹೇಳಿ ಸೀಸೆಯನ್ನು ಪಡೆಯುವವಳು ಮಿತವ್ಯಯಿಯಲ್ಲ, ಮಿಥ್ಯಾವಾದಿನಿ. ತಾಯಿಯ ಗ್ಲಾಕೋಮಾದ ಸೀಸೆಯಿಂದ ಮಗಳು ಹನಿಗಳನ್ನು ಕದ್ದರಂತೂ, ತಿಂಗಳ ಕೊನೆಯಲ್ಲಿ ತಾಯಿಗೆ ಮದ್ದೇ ಇಲ್ಲವಾದೀತು. ಎರಡು ಕೈಗಳಲ್ಲಿಯೂ ಇರುವುದು ಅದೇ ಹನಿ. ಆದರೆ ಒಂದಕ್ಕೆ ದೃಷ್ಟಿಯ ತೂಕವಿದೆ, ಇನ್ನೊಂದಕ್ಕೆ ಕನ್ನಡಿಯ ತೂಕ.

ಅಂದವನ್ನು ಬಯಸುವುದೇ ಪಾಪವೆನ್ನುವ ವೈರಾಗ್ಯಶಾಲಿಗಳ ಮಾತು ಇಲ್ಲಿ ಬೇಡ. ಕಾಡಿಗೆಯನ್ನು ಅವರ ಮನೆಯಲ್ಲಿಯೂ ಹಚ್ಚುತ್ತಾರೆ. ಎವೆಗಾಗಿಯೇ ಎಂದು ವೈದ್ಯನಿಗೆ ನೇರವಾಗಿ ಹೇಳಿ, ಕಣ್ಣನ್ನು ತೋರಿಸಿ, ಕಣ್ಣಿನ ಪಾಪೆಯ ಸುತ್ತಣ ಬಣ್ಣವು ಕಂದಾಗಿ ಹಾಗೆಯೇ ಉಳಿಯಬಹುದೆಂಬುದನ್ನು ತಿಳಿದು, ತನ್ನ ಹಣದಿಂದ ಸಮಪ್ರಮಾಣದ ಅಗ್ಗದ ಸೀಸೆಯನ್ನೂ ಶುದ್ಧವಾದ ಕುಂಚಗಳನ್ನೂ ಕೊಂಡವಳನ್ನು ಯಾರೂ ಆಕ್ಷೇಪಿಸಲಾರರು. ಪೂರ್ಣಫಲಕ್ಕೆ ಹದಿನಾರು ವಾರಗಳು ಬೇಕು. ಸವರುವುದನ್ನು ಬಿಟ್ಟರೆ ಕೆಲವು ವಾರಗಳಿಂದ ಕೆಲವು ತಿಂಗಳುಗಳೊಳಗಾಗಿ ಎವೆಯು ಮೊದಲಿನಂತೆಯೇ ಆಗುತ್ತದೆ.